ದೇಸಾಯರ ಎರಡು ಶಬ್ದ

2008ರ ಜುಲೈ ಮೊದಲ ವಾರದಲ್ಲಿ, ನಮ್ಮ ಪತ್ರಿಕೆಯ ಕೊಚ್ಚಿ ಕಚೇರಿಯ ಮುಖ್ಯಸ್ಥರಾಗಿದ್ದ ವೆಂಕಟೇಶ ದೇಸಾಯರು ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿ ಎರ್ಲೋಟಿನಿಬ್ ಎಂಬ ಗುಳಿಗೆಯನ್ನು ಮೊದಲ ಸಲ ನುಂಗಿದರು. ಅವರಿಗೆ ಆಗ ಐವತ್ತೆರಡು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಷ್ಟರಲ್ಲೇ ಯಕೃತ್ತಿಗೆ ಹರಡಿತ್ತು. ಶಸ್ತ್ರಚಿಕಿತ್ಸೆಯ ಮಾತು ಮುಗಿದಿತ್ತು.

ನಾನು ಆ ಕೋಣೆಯಲ್ಲಿದ್ದೆ. ನಾನು ಕಾಸರಗೋಡಿನವನು, ಅದೇ ಪತ್ರಿಕೆಗೆ ತಿರುವನಂತಪುರದಿಂದ ವಿಧಾನಸಭೆ ಮತ್ತು ಸಚಿವಾಲಯದ ಸುದ್ದಿ ಬರೆಯುತ್ತಿದ್ದೆ. ನಿವೃತ್ತನಾದ ಮೇಲೆ ಹೊಸ ವರದಿಗಾರರು ಸಿಕ್ಕಾಗಲೆಲ್ಲ ದೊಡ್ಡ ಸುದ್ದಿಗಳ ಬಗ್ಗೆ ಕೇಳುತ್ತಾರೆ. ಈ ಕೆಲಸ ನನಗೆ ನಿಜವಾಗಿ ಅರ್ಥವಾದದ್ದು ಪತ್ರಿಕೆಯಲ್ಲಿ ಅಚ್ಚಾಗದ ಒಂದು ಪ್ರಸಂಗದಿಂದ. ಅದನ್ನು ಕಂಡಂತೆ, ಕೇಳಿದಂತೆ ಇಲ್ಲಿ ಬರೆದಿದ್ದೇನೆ.

ಮೊದಲು ದೇಸಾಯರ ವಿಷಯ. ಅವರು ಧಾರವಾಡದವರು. ಕೊಚ್ಚಿಗೆ ಬಂದು ಹನ್ನೆರಡು ವರ್ಷವಾಗಿತ್ತು, ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಮೇಧಾ, ಆಗ ಹನ್ನೆರಡನೆಯ ತರಗತಿ. ಅಪ್ಪ ಧಾರವಾಡದ ಕನ್ನಡದಲ್ಲಿ ಕೇಳುತ್ತಿದ್ದರು, ಮಗಳು ಮಲಯಾಳಂನಲ್ಲಿ ಉತ್ತರಿಸುತ್ತಿದ್ದಳು. ಇಬ್ಬರಿಗೂ ಅದು ವಿಚಿತ್ರ ಅನಿಸುತ್ತಿರಲಿಲ್ಲ.

ದೇಸಾಯರು ಮಲಯಾಳಂ ಕಲಿಯಲಿಲ್ಲ. "ನಿಮ್ಮ ಕೇರಳಕ್ಕ ಎರಡ ಶಬ್ದ ಸಾಕ್ರೀ ಭಟ್ಟರ. ಉಂಟು, ಇಲ್ಲ. ಈ ಎರಡರ ಮ್ಯಾಲೆ ಹನ್ನೆರಡು ವರ್ಷ ಕಚೇರಿ ನಡಿಸೀನಿ" ಎಂದು ನನಗೆ ಹೇಳುತ್ತಿದ್ದರು. ಎರಡೂ ನಮ್ಮ ಕಾಸರಗೋಡಿನ ಕನ್ನಡದಲ್ಲೂ ಇರುವ ಶಬ್ದಗಳು, ಮಲಯಾಳಿಗಳಿಗೂ ತಿಳಿಯುತ್ತವೆ. ಉಳಿದದ್ದನ್ನು ಅವರು ಕನ್ನಡದ ಅರ್ಥ ಹಿಡಿದು ಊಹಿಸುತ್ತಿದ್ದರು. ಕಚೇರಿಗೆ ಬಂದ ಮೊದಲ ದಿನ ಜವಾನನನ್ನು ಕರೆದು, "ಪಟ್ಟಿ ಎಲ್ಲಿ? ಪಟ್ಟಿ ತೊಗೊಂಬಾ" ಎಂದು ಕೂಗಿದ್ದರಂತೆ. ಮಲಯಾಳಂನಲ್ಲಿ ಪಟ್ಟಿ ಎಂದರೆ ನಾಯಿ. ಜವಾನ ಅರ್ಧ ಗಂಟೆ ಬಿಟ್ಟು ಬಂದು, ಬೀದಿಯಲ್ಲಿ ಒಂದೂ ಸಿಗಲಿಲ್ಲವೆಂದು ಕೈಯಾಡಿಸಿ ತೋರಿಸಿದ. ಇನ್ನೊಮ್ಮೆ ಒಬ್ಬ ಮಂತ್ರಿ, ತನಗೆ ಮಾತನಾಡಲು ಅವಸರ ಸಿಗಲಿಲ್ಲ ಎಂದರು. ಅಲ್ಲಿ ಅವಸರ ಎಂದರೆ ಅವಕಾಶ. ಮಾತನಾಡಲು ತಮಗೇನೂ ಅವಸರವಿಲ್ಲವೆಂದು ಮಂತ್ರಿ ಹೇಳಿದ್ದಾಗಿ ದೇಸಾಯರು ಸುದ್ದಿ ಕಳಿಸಿದರು. ಮರುದಿನ ತಿದ್ದುಪಡಿ ಹಾಕಬೇಕಾಯಿತು.

ಆದರೆ ಕೆಲಸ ಕಲಿಸುವುದರಲ್ಲಿ ಅವರು ಬಹಳ ಬಿಗಿ. ಫೋನಿನಲ್ಲಿ ಸುದ್ದಿ ಬರೆಸುತ್ತಿದ್ದ ಕಾಲದಲ್ಲಿ ಒಬ್ಬ ಮುಖಂಡರು ಬೇರೆ ಪಕ್ಷಕ್ಕೆ 'ಸೇರಿಕೊಂಡರು' ಎಂಬುದನ್ನು ಬರೆದುಕೊಳ್ಳುತ್ತಿದ್ದವನು 'ತೀರಿಕೊಂಡರು' ಎಂದು ಕೇಳಿಸಿಕೊಂಡು, ಸುದ್ದಿ ಹಾಗೆಯೇ ಅಚ್ಚಾಯಿತು. ಬೆಳಿಗ್ಗೆ ಕಚೇರಿಯ ಫೋನು ನಾನೇ ಎತ್ತಿದ್ದೆ. ಆ ಮುಖಂಡರೇ ಮಾತನಾಡುತ್ತಿದ್ದರು. ಬಯ್ಯಲಿಲ್ಲ. "ಎಷ್ಟು ಹೊತ್ತಿಗೆ ಹೋದೆ ಅಂತ ಬರೆದಿದ್ದೀರಿ? ಇಲ್ಲಿ ಹೆಂಡತಿ ಕೇಳ್ತಿದ್ದಾಳೆ" ಎಂದು ಮೆಲ್ಲಗೆ ಕೇಳಿದರು. ಅಂದಿನಿಂದ ದೇಸಾಯರು ಒಂದು ನಿಯಮ ಮಾಡಿದರು. ಕೇಳಿದ ಮಾತನ್ನು ಕೇಳಿದ ಹಾಗೆಯೇ ತಿರುಗಿ ಹೇಳಿಸಬೇಕು. ಅರ್ಥವನ್ನಲ್ಲ, ಶಬ್ದವನ್ನು. ಫ್ಯಾಕ್ಸ್ ಬಂದರೂ ಇಮೇಲ್ ಬಂದರೂ ಆ ನಿಯಮ ನಮ್ಮಲ್ಲಿ ಉಳಿಯಿತು.

ಆಸ್ಪತ್ರೆಯ ಕೋಣೆಗೆ ಬರುತ್ತೇನೆ. ವೈದ್ಯರು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ವಾರಕ್ಕೊಮ್ಮೆ ಚುಚ್ಚುಮದ್ದು, ಮೂರು ವಾರ ಕೊಟ್ಟು ಒಂದು ವಾರ ಬಿಡುವುದು. ಅದರ ಜೊತೆಗೆ ಈ ಗುಳಿಗೆ ದಿನಾಲೂ, ಖಾಲಿ ಹೊಟ್ಟೆಯಲ್ಲಿ. ಸಿಗರೇಟು ಸೇದಿದರೆ ಮದ್ದಿನ ಬಲ ಇಳಿಯುತ್ತದೆ, ಬಿಡಬೇಕು. ಕ್ಯಾನ್ಸರ್ ಕೋಶಕ್ಕೆ 'ಬೆಳೆ' ಎಂದು ಹೇಳುವ ಒಂದು ಸಂಕೇತವನ್ನು ಗುಳಿಗೆ ತಡೆಯುತ್ತದೆ. ಅದೇ ಸಂಕೇತ ಚರ್ಮದಲ್ಲೂ ಕರುಳಿನಲ್ಲೂ ಇರುವುದರಿಂದ ಅಲ್ಲಿಯೂ ಕೈ ಹಾಕುತ್ತದೆ. ಹಾಗಾಗಿ ಎರಡು ಸಂಗತಿ ನಡೆಯುತ್ತವೆ: ಮುಖ, ಎದೆಯ ಮೇಲೆ ಗುಳ್ಳೆಗಳು, ಮತ್ತು ಭೇದಿ. ಗುಳ್ಳೆ ಎದ್ದವರಲ್ಲಿ ಮದ್ದು ಹೆಚ್ಚು ಹಿಡಿದಿರುವುದು ಕಂಡಿದೆ, ಅದಕ್ಕೆ ಹೆದರಬೇಡಿ. ಭೇದಿ ಹೆಚ್ಚಾದರೆ ಮಾತ್ರ ತಕ್ಷಣ ಹೇಳಬೇಕು, ಪ್ರತಿ ಭೇಟಿಯಲ್ಲೂ ನಾವೇ ಕೇಳುತ್ತೇವೆ.

ದೇಸಾಯರು ಒಂದೇ ಪ್ರಶ್ನೆ ಕೇಳಿದರು. ಮಾರ್ಚ್ ತನಕ ಸಮಯ ಸಿಗುತ್ತದೆಯೇ?

ಈ ಕಾಯಿಲೆ ಗುಣವಾಗುವುದಿಲ್ಲ, ಕೆಲವರಿಗೆ ಸ್ವಲ್ಪ ಸಮಯ ಸಿಗುತ್ತದೆ, ನೋಡೋಣ ಎಂದರು ವೈದ್ಯರು.

ಹೊರಗೆ ಬೆಂಚಿನ ಮೇಲೆ ಮೇಧಾ ಕುಳಿತಿದ್ದಳು. ದೇಸಾಯರು ಅವಳನ್ನು ಒಳಗೆ ಕರೆದಿರಲಿಲ್ಲ. ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ, "ಮಾರ್ಚ್‌ನಾಗ ಆಕಿ ಪರೀಕ್ಷಾ ಅದರೀ. ಅದು ಮುಗೀಲಿ. ಆಮ್ಯಾಲೆ ನಮ್ಮ ಅಕ್ಕ ಬಂದು ಧಾರವಾಡಕ್ಕ ಕರಕೊಂಡು ಹೋಗ್ತಾಳ. ಅಲ್ಲೀತನಕ ಡಾಕ್ಟರ್ ಮುಂದ ಆಕಿನ್ನ ಕೂಡಸಬ್ಯಾಡ್ರಿ" ಎಂದರು.

ಮೊದಲ ವಾರ ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯ ವಾರ ಚುಚ್ಚುಮದ್ದಿಗೆಂದು ಬಂದು ರೈಲಿನಿಂದಿಳಿದವರೇ ದೇಸಾಯರು ಮುಖವನ್ನು ನನ್ನ ಮುಖದ ಹತ್ತಿರ ತಂದರು.

"ಏನರ ಕಾಣಸ್ತದೇನ್ರೀ?"

"ಇಲ್ಲ ಸರ್."

"ಛಲೋ ನೋಡ್ರಿ. ಮೂಗಿನ ಬಾಜೂಕ?"

ಅಲ್ಲಿಯೂ ಇರಲಿಲ್ಲ. ಅವರು ಆಟೋ ಹತ್ತಿದರು. ಗುಳ್ಳೆ ಎದ್ದರೆ ಒಳ್ಳೆಯದೆಂದಷ್ಟೇ ಅಪ್ಪನಿಂದ ಕೇಳಿದ್ದ ಮೇಧಾ ಮನೆಯಲ್ಲಿ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮೊಬೈಲಿನ ಟಾರ್ಚ್ ಹಿಡಿದು ಅಪ್ಪನ ಹಣೆ, ಮೂಗು, ಗಲ್ಲ ಪರೀಕ್ಷಿಸುತ್ತಿದ್ದಳಂತೆ. ಒಂದು ಬೆಳಿಗ್ಗೆ ಮೂಗಿನ ಎರಡೂ ಬದಿ ಕೆಂಪು ಕಾಳಿನಂಥವು ಎದ್ದಿದ್ದವು. ನನಗೆ ಫೋನ್ ಮಾಡಿ "ವನ್ನು ಅಂಕಲ್, ವನ್ನು!" ಎಂದು ಕಿರುಚಿದಳು. ಬಂತು ಎಂದು. ಮನೆಯಲ್ಲಿ ಅಂದು ಪಾಲಡ ಪಾಯಸ ತರಿಸಿದರು. ದೇಸಾಯರಿಗೆ ಎರಡು ಚಮಚಕ್ಕಿಂತ ಹೆಚ್ಚು ಸೇರಲಿಲ್ಲ.

ಆಗಸ್ಟ್ ಹೊತ್ತಿಗೆ ಅದು ಮುಖವೆನ್ನುವ ಹಾಗಿರಲಿಲ್ಲ. ಹಣೆಯಿಂದ ಗದ್ದದವರೆಗೆ ಕೆಂಪು, ಅದರ ಮೇಲೆ ಹಳದಿ ಹಕ್ಕಳೆ. ನಕ್ಕರೆ ಬಿರಿಯುತ್ತಿತ್ತು. ಕಣ್ಣೂ ಕೆಂಪಾಗಿತ್ತು. ಮುಖ ಕೆಡುತ್ತ ಹೋದಷ್ಟೂ ಅಪ್ಪ ಮಗಳು ಗೆಲುವಾಗುತ್ತಿದ್ದರು.

ಅವರ ಬಾಡಿಗೆ ಮನೆಯ ಮಾಲೀಕರ ತಾಯಿ, ಮುತ್ತಶ್ಶಿ, ಅಂದರೆ ಅಜ್ಜಿ, ಎಂದೇ ಎಲ್ಲರೂ ಕರೆಯುತ್ತಿದ್ದವರು, ಪಕ್ಕದಲ್ಲೇ ಇದ್ದರು. ಕಣ್ಣು ಮಂಜಾಗಿತ್ತು. ಬಾಲ್ಯದಿಂದ ತ್ರಿಪ್ಪುಣಿತ್ತುರದ ಕಥಕಳಿ ನೋಡಿಕೊಂಡು ಬಂದವರು. ಒಂದು ಭಾನುವಾರ ನಾನೂ ದೇಸಾಯರೂ ಗೇಟು ತೆಗೆದು ಒಳಗೆ ಬರುವಾಗ ಮುತ್ತಶ್ಶಿ ಜಗಲಿಯಲ್ಲಿ ಎದ್ದು ನಿಂತರು.

"ಇನ್ನ್ ಕಳಿಯುಂಡೋ?" ಎಂದರು. ಇವತ್ತು ಆಟ ಇದೆಯೇ ಎಂದು.

ಏನು ಕೇಳಿದರೆಂದು ದೇಸಾಯರಿಗೆ ತಿಳಿಯಲಿಲ್ಲ. ಅಭ್ಯಾಸಬಲದಿಂದ "ಉಂಟು" ಎಂದರು.

ಮುತ್ತಶ್ಶಿ ಕೈ ಮುಗಿದರು. ಬಣ್ಣ ಹಚ್ಚಿ ಸಿದ್ಧನಾದವನಿಗೆ ಮುಗಿಯುವ ಹಾಗೆ ತಲೆ ಬಾಗಿಸಿ ಮುಗಿದು, ದಾರಿ ಬಿಟ್ಟು ಗೋಡೆಗೆ ಸರಿದರು. ಒಳಗೆ ಹೋದ ಮೇಲೆ ನಾನು ಅರ್ಥ ಹೇಳಿದೆ. ದೇಸಾಯರು ಹಕ್ಕಳೆ ಬಿರಿಯದಂತೆ ತುಟಿ ಬಿಗಿಹಿಡಿದು ನಕ್ಕರು. "ಪಾರ್ಟು ಯಾವುದಂತ ಕೇಳಲಿಲ್ಲಲ್ರೀ ಮುದುಕಿ!"

ಇನ್ನೊಂದು ಬದಲಾವಣೆಯನ್ನು ಮೊದಲು ಕಂಡವಳು ಮೇಧಾ. ಅವರ ಕಣ್ಣಿನ ರೆಪ್ಪೆಯ ಕೂದಲು ಬೆಳೆಯುತ್ತಿತ್ತು. ತಲೆಯ ಕೂದಲು ತೆಳುವಾಗುತ್ತಿತ್ತು, ತೋಳು ಸೊರಗುತ್ತಿತ್ತು, ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಮಾಡಿಸಬೇಕಾಗಿತ್ತು. ರೆಪ್ಪೆ ಮಾತ್ರ ಉದ್ದವಾಗಿ, ದಟ್ಟವಾಗಿ, ಸುರುಳಿ ಸುತ್ತಿ ಬೆಳೆಯುತ್ತಿತ್ತು. ಅದೂ ಗುಳಿಗೆಯ ಗುಣವೇ ಎಂದು ವೈದ್ಯರು ಆಮೇಲೆ ಹೇಳಿದರು. ಆ ದೇಹದಲ್ಲಿ ಕಣ್ಣಿಗೆ ಕಾಣುವಂತೆ ಬೆಳೆಯುತ್ತಿದ್ದದ್ದು ಅದೊಂದೇ. ಎದುರಿಗೆ ಕುಳಿತು ಮಾತನಾಡುವಾಗ ನಾನು ಅವರ ಕೈಯನ್ನು ನೋಡುತ್ತ ಮಾತನಾಡತೊಡಗಿದೆ.

ಸೆಪ್ಟೆಂಬರಿನಲ್ಲಿ ವಿಧಾನಸಭೆಯ ಸುದ್ದಿ ಇದ್ದದ್ದರಿಂದ ನಾನು ಅವರನ್ನು ಆಸ್ಪತ್ರೆಗೆ ಬಿಟ್ಟು ಹೋಗಿ, ಸಂಜೆ ಬಂದು ರೈಲು ಹತ್ತಿಸುತ್ತಿದ್ದೆ. ಜೊತೆಗೆ ಮೇಧಾ ಬರುತ್ತಿದ್ದಳು. ಇಬ್ಬರಲ್ಲಿ ಮಲಯಾಳಂ ಬಲ್ಲವಳು ಅವಳೊಬ್ಬಳೇ. ಅವಳನ್ನೇ ಅವರು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. "ನೀ ಹೊರಗ ಕೂಡು, ಓದ್ಕೋ."

ಒಂದು ಸಂಜೆ ತಿರುವನಂತಪುರದ ತಂಬಾನೂರು ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದೆವು. ಕಲ್ಲುಬೆಂಚಿನಲ್ಲಿ ದೇಸಾಯರು ನಡುವೆ, ನಾವಿಬ್ಬರೂ ಆಚೀಚೆ. ಅವರ ತುಟಿ ಒಣಗಿತ್ತು. ಮೇಧಾ ಕೊಟ್ಟ ನೀರಿನ ಬಾಟಲಿಯನ್ನು ಹಿಡಿದುಕೊಳ್ಳಲೂ ಎರಡು ಕೈ ಬೇಕಾಗಿತ್ತು. ಅದನ್ನು ಮರೆಸುವುದಕ್ಕೋ ಏನೋ, ಹರಟೆಗೆ ತೊಡಗಿದರು.

"ಭಟ್ಟರ, ನಿಮ್ಮ ಮಂದಿ ಒಂದು ಮಾತಿನ್ಯಾಗ ಮೆಚ್ಚಬೇಕ್ರೀ. ಡಾಕ್ಟರ್ ಹೇಳಿದ್ದರಲ್ಲ, ಪ್ರತಿ ಸಲ ಕೇಳ್ತೀವಿ ಅಂತ? ಒಳಗ ಹೋದ ಕೂಡ್ಲೆ ಆ ಸಿಸ್ಟರ್ ತಪ್ಪದ ಕೇಳ್ತಾಳ. ಅದೂ ಕನ್ನಡದಾಗ!"

"ಕನ್ನಡದಲ್ಲಾ? ಎಂಥ ಕೇಳ್ತಾರೆ?"

"ಅದ, ಭೇದಿ ಅದ ಏನು ಅಂತ" ಎಂದರು ದೇಸಾಯರು.

"ನಾನು ಉಂಟು ಅಂತೀನಿ. ಆಕಿ ಬರಕೊಳ್ತಾಳ" ಎಂದು ತಾವೇ ಮುಂದುವರಿಸಿದರು. "ಒಂದ ತಿಳೀವಲ್ಲದು. ನಾ ಉಂಟು ಅಂದ ಕೂಡ್ಲೆ ಆಕಿ ನಗತಾಳ್ರೀ. ಖುಷಿಯಿಂದ ನಗತಾಳ. ದೈವಾನುಗ್ರಹಂ ಅಂತಾಳ. ಹೋದ ವಾರ ನನಗ ನಿಲ್ಲಾಕ ಆಗವಲ್ದಾಗಿತ್ತು, ಗ್ವಾಡಿ ಹಿಡಕೊಂಡು ಉಂಟು ಅಂದೆ. ಆಕಿ ನನ್ನ ಕೈ ಹಿಡಕೊಂಡು ಮತ್ತಷ್ಟು ನಕ್ಕಳು. ಇವತ್ತೂ ಹಂಗ. ಖರೇ ಹೇಳ್ತೀನಿ, ಆಕಿ ನಗೋದು ನೋಡಿದರ ನನಗ ಅಂಜಿಕಿ ಬರ್ತದ."

ಆಕೆ ನಗುವ ಕಾರಣ ನನಗೂ ತಿಳಿಯಲಿಲ್ಲ. ಅವರೇ ಕಲಿಸಿದ್ದ ನಿಯಮ ಬಾಯಿಗೆ ಬಂತು.

"ಸರ್, ಸಿಸ್ಟರ್ ಹೇಳಿದ ಶಬ್ದ ಒಮ್ಮೆ ತಿರುಗಿ ಹೇಳಿ. ಅರ್ಥ ಬೇಡ. ಶಬ್ದ ಮಾತ್ರ."

ಅವರು ಸಿಸ್ಟರಿನ ಧ್ವನಿಯನ್ನೇ ಅಣಕಿಸಿ ಹೇಳಿದರು: "ಭೇದಮುಂಡೋ?"

ಮೇಧಾಳ ಕೈಯಿಂದ ಬಾಟಲಿಯ ಮುಚ್ಚಳ ಕೆಳಗೆ ಬಿತ್ತು.

ಮಲಯಾಳಂನಲ್ಲಿ ಭೇದ ಎಂದರೆ ಗುಣ, ಸುಧಾರಣೆ. ಭೇದಮುಂಡೋ ಎಂದರೆ ಸ್ವಲ್ಪ ವಾಸಿಯೇ ಎಂದು. ಕೇರಳದ ಪ್ರತಿ ಆಸ್ಪತ್ರೆಯಲ್ಲಿ ಪ್ರತಿ ರೋಗಿಗೂ ಕೇಳುವ ಮಾತು. ಪ್ರತಿ ಸಲ ಸಿಸ್ಟರ್ ವಾಸಿಯೇ ಎಂದು ಕೇಳಿದ್ದರು, ಪ್ರತಿ ಸಲ ದೇಸಾಯರು ಭೇದಿ ಇದೆ ಎಂದು ಉತ್ತರಿಸಿದ್ದರು. ಸುಧಾರಣೆ ಇದೆ ಎಂದು ಸಿಸ್ಟರ್ ಬರೆದುಕೊಂಡಿದ್ದರು. ವೈದ್ಯರು ಆ ಬರಹ ನೋಡಿ, ಮುಖದ ಗುಳ್ಳೆ ನೋಡಿ, ತಡೆದುಕೊಳ್ಳಲು ಆಗುತ್ತಿದೆಯೇ ಎಂದು ಇಂಗ್ಲಿಷಿನಲ್ಲಿ ಒಂದು ಮಾತು ಕೇಳುತ್ತಿದ್ದರು. ಭೇದಿಯ ವಿಷಯ ಅವರಿಗೆ ಆಗಲೇ ತಿಳಿದಿದೆ ಎಂದುಕೊಂಡು ದೇಸಾಯರು ಹೌದು ಎನ್ನುತ್ತಿದ್ದರು. ಹೆಚ್ಚು ಹೇಳಿದರೆ ಗುಳಿಗೆ ನಿಲ್ಲಿಸಿಬಿಟ್ಟಾರೆಂಬ ಭಯವೂ ಇತ್ತಂತೆ. ನಿಲ್ಲಿಸಿದರೆ ಮಾರ್ಚ್ ಇಲ್ಲ.

"ದಿನಕ್ಕೆ ಎಷ್ಟು ಸಲ ಹೋಗ್ತೀರಿ ಸರ್?"

"ಲೆಕ್ಕ ಇಟ್ಟಿಲ್ರೀ. ರಾತ್ರಿ ಪೂರಾ ಅಲ್ಲೇ ಕೂತಿರ್ತೀನಿ."

"ಎಂದಾ ಅಪ್ಪಾ ಪರಯಾಞದ್?" ಎಂದಳು ಮೇಧಾ. ಯಾಕಪ್ಪಾ ಹೇಳಲಿಲ್ಲ ಎಂದು. ದೇಸಾಯರು ಅವಳ ಕಡೆ ನೋಡದೆ, "ರೈಲು ಬಂತು ನೋಡು" ಎಂದರು.

"ರೈಲು ಬಿಡುವ ಸರ್. ಈಗ ವಾಪಸ್ ಆಸ್ಪತ್ರೆಗೆ ಹೋಗುವ" ಎಂದು ನಾನು ಚೀಲ ಎತ್ತಿಕೊಂಡೆ.

ಅಂದೇ ಸೇರಿಸಿಕೊಂಡರು. ರಕ್ತದಲ್ಲಿ ಲವಣಾಂಶ ತೀರಾ ಇಳಿದಿತ್ತು, ಮೂತ್ರಪಿಂಡಕ್ಕೂ ಪೆಟ್ಟು ಬೀಳತೊಡಗಿತ್ತು. ಇನ್ನೊಂದು ವಾರ ಹೀಗೇ ಹೋಗಿದ್ದರೆ ಕ್ಯಾನ್ಸರ್‌ಗೆ ಕೆಲಸವೇ ಉಳಿಯುತ್ತಿರಲಿಲ್ಲ ಎಂದು ಕರ್ತವ್ಯದಲ್ಲಿದ್ದ ವೈದ್ಯರು ನನಗೆ ಹೇಳಿದರು. ಗುಳಿಗೆ ನಿಲ್ಲಿಸಿ ಡ್ರಿಪ್ ಹಾಕಿದರು. ಮರುದಿನ ಆ ಸಿಸ್ಟರ್ ವಾರ್ಡಿಗೆ ಬಂದು ಮಂಚದ ಕಾಲ ಬಳಿ ನಿಂತರು. ಅವರು ನಗಲಿಲ್ಲ. ದೇಸಾಯರೇ ನಕ್ಕರು. ಮೇಧಾ ನಡುವೆ ನಿಂತು ಇಬ್ಬರ ಮಾತನ್ನೂ ಇಬ್ಬರಿಗೂ ದಾಟಿಸಿದಳು. ಅಂದಿನಿಂದ ಅವಳನ್ನು ಹೊರಗೆ ಕೂರಿಸುವುದು ನಿಂತಿತು. ಅಪ್ಪನ ಕಾಯಿಲೆ ಎಲ್ಲಿಗೆ ಮುಟ್ಟಿದೆಯೆಂಬುದು ಅವಳಿಗೆ ತಿಳಿದದ್ದು ಹಾಗೆ.

ಗುಳಿಗೆ ನಿಲ್ಲಿಸಿದ ಮೇಲೆ ಮುಖ ಒಣಗುತ್ತ ಬಂತು. ಹಕ್ಕಳೆಗಳು ದಿಂಬಿನ ಮೇಲೆ ಉದುರುತ್ತಿದ್ದವು. ಒಳಗಿನಿಂದ ಬಂದ ಚರ್ಮ ನುಣುಪಾಗಿತ್ತು, ಬೆಳ್ಳಗಿತ್ತು, ಒಂದು ಗೆರೆಯೂ ಇರಲಿಲ್ಲ. ಆ ಉದ್ದ ರೆಪ್ಪೆಗಳ ಕೆಳಗೆ ಅದು ಇಪ್ಪತ್ತೈದರ ಯುವಕನ ಮುಖದಂತೆ ಕಾಣುತ್ತಿತ್ತು. ಕೊಚ್ಚಿಯ ಕಚೇರಿಯಿಂದ ನೋಡಲು ಬಂದವರು, "ಸರ್, ಎಷ್ಟು ಚೆನ್ನಾಗಿ ಕಾಣ್ತೀರಿ!" ಎಂದರು. ಅವರು ಹೋದ ಮೇಲೆ ದೇಸಾಯರು ಕನ್ನಡಿ ಕೇಳಿದರು. ಬಹಳ ಹೊತ್ತು ನೋಡಿ ಮಗುಚಿಟ್ಟರು.

"ಇದು ನನ್ನ ಮುಖ ಅಲ್ರೀ ಭಟ್ಟರ. ಯಾರೋ ಒಬ್ಬಾಂವ ಬಂದು ಕೂತಾನ."

ಮೇಧಾ ಕನ್ನಡಿಯ ಮೇಲೆ ಟವೆಲು ಹಾಕಿದಳು. ಬೆಳಿಗ್ಗೆ ಟಾರ್ಚ್ ಹಿಡಿದು ನೋಡುವುದನ್ನು ಮಾತ್ರ ಅವಳು ಬಿಡಲಿಲ್ಲ.

ಅಕ್ಟೋಬರಿನಲ್ಲಿ ಪ್ರಮಾಣ ಕಡಿಮೆ ಮಾಡಿ ಗುಳಿಗೆ ಮತ್ತೆ ಶುರು ಮಾಡಿದರು, ಭೇದಿ ತಡೆಯಲು ಬೇರೆ ಮಾತ್ರೆ ಕೊಟ್ಟರು. ಗುಳ್ಳೆಗಳು ಮರಳಿ ಬಂದವು, ಈ ಸಲ ಮೃದುವಾಗಿ. ನವೆಂಬರಿನ ಸ್ಕ್ಯಾನಿನಲ್ಲಿ ಗೆಡ್ಡೆ ಬೆಳೆದಿರಲಿಲ್ಲ. ದೇಸಾಯರು ಕಚೇರಿಗೆ ಬರತೊಡಗಿದರು. ವಲ್ಲಾರ್ಪಾಡಂನ ಬಂದರು ಕಾಮಗಾರಿಯ ಬಗ್ಗೆ ನಾನು ಬರೆದ ಒಂದು ವರದಿಯನ್ನು ತಿದ್ದಿ, ಅರ್ಧಕ್ಕೆ ಇಳಿಸಿ, ಬಯ್ದು ಕಳಿಸಿದರು. ಅಂದು ನನಗೆ ಬಹಳ ಸಂತೋಷವಾಯಿತು.

ಫೆಬ್ರವರಿಯ ಸ್ಕ್ಯಾನಿನಲ್ಲಿ ಯಕೃತ್ತಿನ ಗೆಡ್ಡೆಗಳು ದೊಡ್ಡದಾಗಿದ್ದವು. ಗುಳಿಗೆ ನಿಲ್ಲಿಸಲಾಯಿತು, ಚುಚ್ಚುಮದ್ದೂ ನಿಂತಿತು. ಮತ್ತೆ ಮುಖ ತಿಳಿಯಾಗುತ್ತ ಬಂತು. ಈ ಸಲ ಯಾರೂ ಚೆನ್ನಾಗಿ ಕಾಣುತ್ತೀರಿ ಎನ್ನಲಿಲ್ಲ. ಧಾರವಾಡದಿಂದ ಅಕ್ಕ ಬಂದಿದ್ದರು. ಮನೆಗೇ ಬಂದು ನೋವು ಶಮನ ಮಾಡುವ ಸ್ವಯಂಸೇವಕರ ತಂಡ ವಾರಕ್ಕೆರಡು ಸಲ ಬರುತ್ತಿತ್ತು. ಮುತ್ತಶ್ಶಿ ಒಮ್ಮೆ ಕಿಟಕಿಯಿಂದ ಇಣುಕಿ, ಮಂಚದ ಮೇಲಿದ್ದವರನ್ನು ನೋಡಿ, ಬಣ್ಣ ತೊಳೆದಾಯಿತೇ ಎಂದು ಸೊಸೆಯನ್ನು ಕೇಳಿದರಂತೆ.

ಮಾರ್ಚ್‌ನಲ್ಲಿ ಪರೀಕ್ಷೆ ಶುರುವಾಯಿತು. ರಸಾಯನಶಾಸ್ತ್ರದ ಪರೀಕ್ಷೆಯ ದಿನ ನಾನು ತ್ರಿಪ್ಪುಣಿತ್ತುರದಲ್ಲಿದ್ದೆ. ದೇಸಾಯರು ಬೆಳಿಗ್ಗೆಯಿಂದ ಕಣ್ಣು ತೆರೆದಿರಲಿಲ್ಲ. ಗಾಳಿ ಆ ಕಡೆಯಿಂದ ಬೀಸಿದಾಗ ಹತ್ತಿರದ ಅಂಬಲಮುಗಳಿನ ತೈಲ ಶುದ್ಧೀಕರಣ ಕಾರ್ಖಾನೆಯ ಸೈರನ್ ತೆಳ್ಳಗೆ ಕೇಳಿಸುತ್ತಿತ್ತು. ಮಧ್ಯಾಹ್ನ ಮೇಧಾ ಬಂದಳು. ಶಾಲೆಯ ಚೀಲ ತೆಗೆಯದೆ ಮಂಚದ ಬಳಿ ಬಾಗಿದಳು.

"ಅಪ್ಪಾ, ಭೇದಮುಂಡೋ?"

ಉದ್ದ ರೆಪ್ಪೆಗಳು ಅಲುಗಿದವು, ತೆರೆದವು. ಅವರಿಗೆ ಈಗ ಎರಡೂ ಅರ್ಥ ಗೊತ್ತಿತ್ತು.

"ಉಂಟು" ಎಂದರು.

ದೇಸಾಯರು ಮರುದಿನ ಬೆಳಿಗ್ಗೆ ತೀರಿಕೊಂಡರು. ಸುದ್ದಿಯನ್ನು ನಾನು ಫೋನಿನಲ್ಲಿ ಬರೆಸಿದೆ, ಆ ಕಡೆಯವರಿಂದ ಪ್ರತಿ ಶಬ್ದವನ್ನೂ ತಿರುಗಿ ಹೇಳಿಸಿದೆ. ಉಳಿದಿದ್ದ ಎರಡು ಪರೀಕ್ಷೆಗಳನ್ನು ಮೇಧಾ ಬರೆದಳು. ಧಾರವಾಡದಲ್ಲಿ ಎಂಜಿನಿಯರಿಂಗ್ ಓದಿ, ಕೊಚ್ಚಿಗೇ ಮರಳಿ ಬಂದು ಒಂದು ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಈಗ ನನ್ನೊಡನೆ ಕನ್ನಡದಲ್ಲೇ ಮಾತನಾಡುತ್ತಾಳೆ. ಕಳೆದ ತಿಂಗಳು ಫೋನ್ ಮಾಡಿದಾಗ ನನಗೆ ಕೆಮ್ಮು ಬಿಟ್ಟಿರಲಿಲ್ಲ. ನಾನು ಕೆಮ್ಮಿ ಮುಗಿಸುವ ತನಕ ಕಾದು, "ಭೇದ ಉಂಟಾ ಅಂಕಲ್?" ಎಂದು ಕೇಳಿದಳು.

ಉಂಟು ಎಂದೆ.